ಆ ಕೊಲಂಬಸ್ ಹಡಗು ಎಲ್ಲಿ ಹೋಯಿತು?

ಓದುಗರ ಪ್ರಶ್ನೆ. ಈ ಸಂಚಿಕೆಯಲ್ಲಿ ಉತ್ತರಿಸುವವರು ತುಮಕೂರು ಶಿರಾ ಗೇಟಿನ ನಿವೃತ್ತ ಫಿಟ್ಟರ್. 1984ರಿಂದ ಹನ್ನೊಂದು ವರ್ಷ ಸೋದರಮಾವನ ಜೊತೆ ಜಾತ್ರೆಗಳಲ್ಲಿ ಜಯಂಟ್ ವೀಲ್ ಕಟ್ಟಿದವರು, ಆಮೇಲೆ ಇಪ್ಪತ್ನಾಲ್ಕು ವರ್ಷ ಒಂದು ಮನರಂಜನಾ ಪಾರ್ಕಿನಲ್ಲಿ ಆಟದ ಯಂತ್ರಗಳನ್ನು ನೋಡಿಕೊಂಡವರು.

ಪ್ರಶ್ನೆ: ನಮ್ಮ ಶಾಲೆಯ ಏಳನೇ ತರಗತಿ ಮಕ್ಕಳನ್ನು ತುಮಕೂರಿನ ಹೊರಗಿರುವ ಪಾರ್ಕಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆ. 1998ರಲ್ಲಿ ನಾನೂ ಏಳನೇ ತರಗತಿಯಲ್ಲಿದ್ದಾಗ ಅಲ್ಲೇ ಹಿಂದೆ ಮುಂದೆ ತೂಗುವ ಕೊಲಂಬಸ್ ಹಡಗಿನ ಕೊನೆಯ ಸೀಟಿನಲ್ಲಿ ಕೂತು ಗಂಟಲು ಕಟ್ಟುವಷ್ಟು ಕಿರುಚಿದ್ದೆ. ಈಗ ಹಡಗಿಲ್ಲ. ಆ ಜಾಗದಲ್ಲಿ ಫೋಟೊ ತೆಗೆಸಿಕೊಳ್ಳಲೆಂದು ದೊಡ್ಡದೊಂದು ಕೆಂಪು ಹೃದಯ ನಿಲ್ಲಿಸಿದ್ದಾರೆ. ಕೇಳಿದರೆ "ಹಳೇದಾಗಿತ್ತು ಮೇಡಂ" ಅಂದರು. ಹಳೇದಾಯ್ತು ಅಂತ ಯಾರು ತೀರ್ಮಾನ ಮಾಡುತ್ತಾರೆ? ಹೊರದೇಶದ ದೊಡ್ಡ ಪಾರ್ಕುಗಳಲ್ಲೂ ಹೀಗೆಯೇ?
(ಪ್ರಾಥಮಿಕ ಶಾಲಾ ಶಿಕ್ಷಕಿ, ಕೊರಟಗೆರೆ)

ಉತ್ತರ: ಮೇಡಂ, ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ಹಡಗು ನನಗೆ ಗೊತ್ತು. ಅದರ ಬೇರಿಂಗುಗಳಿಗೆ ಹದಿನಾರು ವರ್ಷ ಗ್ರೀಸ್ ತುಂಬಿದವನು ನಾನು. ನೀವು ಕೂತ ದಿನ ಬೆಳಿಗ್ಗೆ ಅದರ ಪಿನ್ನುಗಳನ್ನು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿದವನೂ ಬಹುಶಃ ನಾನೇ.

"ಹಳೇದಾಗಿತ್ತು" ಅನ್ನುವುದು ಉತ್ತರವೇ ಅಲ್ಲ. ವಿಯೆನ್ನಾ ನಗರದ ಜಯಂಟ್ ವೀಲ್ 1897ರದು, ಇವತ್ತಿಗೂ ಜನರನ್ನು ಹೊತ್ತು ತಿರುಗುತ್ತಿದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಕಿಂಗ್ಡಾ ಕಾ ಅಂತ ಒಂದು ರೋಲರ್ ಕೋಸ್ಟರ್ ಇತ್ತು. 2005ರಲ್ಲಿ ಶುರುವಾದದ್ದು, 139 ಮೀಟರ್, ಜಗತ್ತಿನಲ್ಲೇ ಅಷ್ಟು ಎತ್ತರದ್ದು ಇನ್ನೊಂದಿರಲಿಲ್ಲ. ಅದನ್ನು 2025ರ ಫೆಬ್ರುವರಿ 28ರಂದು ಸಿಡಿಮದ್ದು ಇಟ್ಟು ಉರುಳಿಸಿದರು. ಇಪ್ಪತ್ತು ವರ್ಷ ತುಂಬಿರಲಿಲ್ಲ. ನೂರಿಪ್ಪತ್ತೈದು ದಾಟಿದ್ದು ಉಳಿಯಿತು, ಇಪ್ಪತ್ತು ತುಂಬದ್ದು ಹೋಯಿತು. ಹಾಗಾಗಿ ಲೆಕ್ಕ ವಯಸ್ಸಿನದಲ್ಲ.

ಪಾರ್ಕಿನ ಮಾಲೀಕರು ಮೊದಲು ನೋಡುವುದು ಗಂಟೆಗೆ ಎಷ್ಟು ಜನ ಆಡಬಹುದು ಅನ್ನುವುದನ್ನು. ಆಮೇಲೆ ವರ್ಷದಲ್ಲಿ ಎಷ್ಟು ದಿನ ನಿಂತಿತ್ತು, ಅದೊಂದಕ್ಕೇ ಎಷ್ಟು ಫಿಟ್ಟರುಗಳು ಬೇಕು, ಬಿಡಿಭಾಗ ಎಲ್ಲಿಂದ ತರಬೇಕು ಅನ್ನುವುದು. ಕಿಂಗ್ಡಾ ಕಾ ಎಣ್ಣೆಯ ಒತ್ತಡದ ಬಲದಿಂದ ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 206 ಕಿಲೋಮೀಟರ್ ವೇಗಕ್ಕೆ ಗಾಡಿಯನ್ನು ಎಸೆಯುತ್ತಿತ್ತು. ಅಂಥ ಯಂತ್ರ ಪದೇಪದೇ ಕೈಕೊಡುತ್ತದೆ, ಅದೂ ಕೊಡುತ್ತಿತ್ತು. ಬೇಸಿಗೆ ರಜೆಯಲ್ಲಿ ಜನ ಸಾಲು ನಿಂತಾಗ ನಿಂತುಹೋಗುವ ಆಟ ಮಾಲೀಕನಿಗೆ ಬರೀ ಖರ್ಚಲ್ಲ, ಅವಮಾನವೂ ಹೌದು. ಬಂದವರು ಓಡಿದ ಹತ್ತು ಆಟ ಮರೆತು ನಿಂತ ಒಂದನ್ನೇ ಊರೆಲ್ಲ ಹೇಳುತ್ತಾರೆ.

ಬಿಡಿಭಾಗದ ವಿಷಯ ಹೊರಗಿನವರಿಗೆ ಅರ್ಥವಾಗುವುದು ಕಡಿಮೆ. ಡಿಸ್ನಿಲ್ಯಾಂಡಿನಲ್ಲಿ 1959ರಲ್ಲಿ ಮ್ಯಾಟರ್‌ಹಾರ್ನ್ ಅನ್ನುವ ಆಟಕ್ಕೆ ಕೊಳವೆ ಕಬ್ಬಿಣದ ಹಳಿ ಮಾಡಿಕೊಟ್ಟು ರೋಲರ್ ಕೋಸ್ಟರಿನ ಚರಿತ್ರೆಯನ್ನೇ ಬದಲಿಸಿದ ಕಂಪನಿ ಆ್ಯರೋ. ಆ ಕಂಪನಿಯೇ 2001ರ ಹೊತ್ತಿಗೆ ದಿವಾಳಿಯಾಗಿ ಇನ್ನೊಬ್ಬರ ಪಾಲಾಯಿತು. ಮಾಡಿದವನೇ ಇಲ್ಲವಾದಾಗ ಪಾರ್ಕಿನವರು ಹಳೆ ನಕ್ಷೆ ಹುಡುಕಿ, ಸವೆದ ಭಾಗವನ್ನು ಅಳತೆ ತೆಗೆದು, ಲೇತ್‌ನಲ್ಲಿ ತಾವೇ ಮಾಡಿಸಿಕೊಳ್ಳಬೇಕು. ನಕ್ಷೆ ಇದ್ದವರು ಪುಣ್ಯವಂತರು. ನಮ್ಮ ಕೊಲಂಬಸ್ 1995ರಲ್ಲಿ ಬಂದಾಗಲೇ ಸೆಕೆಂಡ್ ಹ್ಯಾಂಡ್. ನಕ್ಷೆ ಇರಲಿಲ್ಲ. ಹಿಂದೆ ಎಲ್ಲೆಲ್ಲಿ ವೆಲ್ಡಿಂಗ್ ಮಾಡಿದ್ದಾರೆ ಅನ್ನುವ ಒಂದು ಚೀಟಿಯೂ ಇರಲಿಲ್ಲ. ಬಣ್ಣ ಮಾತ್ರ ಹೊಸದು.

ಇನ್ನು, ತೆಗೆಯುವುದೊಂದೇ ದಾರಿಯಲ್ಲ. ದೊಡ್ಡ ಪಾರ್ಕುಗಳು ಹೆಚ್ಚಾಗಿ ಮಾಡುವುದು ಮೂಳೆ ಉಳಿಸಿಕೊಂಡು ಬಟ್ಟೆ ಬದಲಿಸುವ ಕೆಲಸ. ಫ್ಲಾರಿಡಾದ ಡಿಸ್ನಿ ಪಾರ್ಕಿನಲ್ಲಿ ನಾರ್ವೆ ದೇಶದ ಕತೆ ಹೇಳುವ ದೋಣಿಯ ಆಟವೊಂದು 1988ರಿಂದ ಇತ್ತು. 2014ರಲ್ಲಿ ನಿಲ್ಲಿಸಿ, ಅದೇ ಕಾಲುವೆ, ಅಂಥವೇ ದೋಣಿಗಳನ್ನು ಇಟ್ಟುಕೊಂಡು, ಮಕ್ಕಳು ಮುಗಿಬಿದ್ದು ನೋಡಿದ ಹಿಮರಾಣಿಯ ಚಿತ್ರದ ಕತೆ ಹೊದಿಸಿ 2016ರಲ್ಲಿ ತೆರೆದರು. ಸಾಲು ಉದ್ದವಾಯಿತು. ಕ್ಯಾಲಿಫೋರ್ನಿಯಾದಲ್ಲಿ 1989ರಿಂದ ಸ್ಪ್ಲ್ಯಾಶ್ ಮೌಂಟನ್ ಅಂತ ನೀರಿನಲ್ಲಿ ಧುಮುಕುವ ಆಟ. ಯಂತ್ರಕ್ಕೆ ಏನೂ ಆಗಿರಲಿಲ್ಲ. ಅದರ ಕತೆ ಬಂದದ್ದು 1946ರ ಒಂದು ಸಿನಿಮಾದಿಂದ. ಕರಿಯ ಜನರ ಬಾಳನ್ನು ಆ ಸಿನಿಮಾ ತೋರಿಸಿದ ರೀತಿ ಅವರಿಗೆ ನೋವು ಕೊಡುವಂಥದ್ದು. 2023ರಲ್ಲಿ ಅದನ್ನು ಮುಚ್ಚಿ, ಅದೇ ಕಾಲುವೆ, ಅದೇ ಧುಮುಕು ಉಳಿಸಿಕೊಂಡು, 2024ರಲ್ಲಿ ಒಬ್ಬ ಕಪ್ಪು ರಾಜಕುಮಾರಿಯ ಕತೆಯಾಗಿ ಬದಲಿಸಿದರು. ಇದು ಸರಿಯಾದ ಕೆಲಸ ಅಂತ ನನ್ನ ಅಭಿಪ್ರಾಯ. ಆಟಕ್ಕೆ ಬಂದ ಯಾವ ಮಗುವೂ ತಲೆ ತಗ್ಗಿಸಿ ಹೋಗಬಾರದು.

ಇದರಲ್ಲಿ ಹಣದ ಲೆಕ್ಕವೂ ಇದೆ. ಆಟದ ಖರ್ಚಿನ ದೊಡ್ಡ ಪಾಲು ನೆಲದೊಳಗೆ ಇರುತ್ತದೆ. ಅಡಿಪಾಯದ ಕಾಂಕ್ರೀಟ್, ಪಂಪು, ಕಾಲುವೆ, ಕರೆಂಟಿನ ಕೇಬಲ್ಲು. ಅದನ್ನು ಅಗೆದು ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ನಮ್ಮ ಪುಟ್ಟ ಪಾರ್ಕಿನಲ್ಲೂ ಮಕ್ಕಳ ರೈಲಿನ ಮುಖ ನಾನಿದ್ದ ಕಾಲದಲ್ಲಿ ಮೂರು ಸಲ ಬದಲಾಯಿತು. ಮೊದಲು ಎಂಜಿನ್, ಆಮೇಲೆ ಮೊಸಳೆ, ಕೊನೆಗೆ ಕಂಬಳಿಹುಳು. ಕೆಳಗಿನ ಚಾಸಿ ಮಾತ್ರ ಅದೇ.

ಕೆಲವು ಕಡೆ ತಿರುವುಮುರುವು, ಬಟ್ಟೆ ಉಳಿಸಿ ಮೂಳೆ ಬದಲಿಸುತ್ತಾರೆ. ಟೆಕ್ಸಾಸ್‌ನಲ್ಲಿ 1990ರ ಮರದ ರೋಲರ್ ಕೋಸ್ಟರ್ ಒಂದು ವರ್ಷ ಕಳೆದಂತೆ ಮೈ ನುಗ್ಗಾಗುವಷ್ಟು ಕುಲುಕತೊಡಗಿತು, ರಿಪೇರಿಗೆ ಕೊನೆಯಿಲ್ಲದಾಯಿತು. 2009ರಲ್ಲಿ ನಿಲ್ಲಿಸಿ, ಮರದ ಕಟ್ಟೋಣವನ್ನು ಬಹುಪಾಲು ಹಾಗೇ ಬಿಟ್ಟು, ಮೇಲೆ ಉಕ್ಕಿನ ಹಳಿ ಹಾಸಿ 2011ರಲ್ಲಿ ಓಡಿಸಿದರು. ಅದು ಗೆದ್ದ ಮೇಲೆ ಒಂದರ ಹಿಂದೆ ಒಂದು ಪಾರ್ಕು ತಮ್ಮ ಮರದ ಕೋಸ್ಟರಿಗೂ ಅದನ್ನೇ ಮಾಡಿಸಿದವು. ಮನೆಯ ಗೋಡೆ ಗಟ್ಟಿಯಿದ್ದರೆ ಹೆಂಚು ಮಾತ್ರ ಬದಲಿಸುವ ನಮ್ಮ ಹಳ್ಳಿಯವರ ಜಾಣತನ ಇದು.

ಆಟದ ತಪ್ಪೇ ಇಲ್ಲದೆ ಹೋದವೂ ಇವೆ. ದೆಹಲಿಯ ಅಪ್ಪು ಘರ್ ನಿಮಗೆ ನೆನಪಿರಬಹುದು. 1982ರ ಏಷ್ಯನ್ ಗೇಮ್ಸ್‌ನ ಆನೆಮರಿಯ ಹೆಸರಿನಲ್ಲಿ 1984ರಲ್ಲಿ ಆದದ್ದು. 2008ರಲ್ಲಿ ಮುಚ್ಚಿತು, ನೆಲ ಸುಪ್ರೀಂ ಕೋರ್ಟಿಗೂ ಮೆಟ್ರೋಗೂ ಬೇಕಾಗಿತ್ತು. ತುಮಕೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಮುಚ್ಚಿದ ಮೇಲೆ ಆ ಜಾಗ ಇಸ್ರೋ ಪಾಲಾಯಿತು. ಯಂತ್ರ ಹಳತಾದರೂ ಆಗದಿದ್ದರೂ, ನೆಲದ ಬೆಲೆ ಏರಿದ ಮೇಲೆ ಅದರ ಮಾತೇ ನಡೆಯುತ್ತದೆ.

ಜನರ ಪ್ರೀತಿಗೆ ಬೆಲೆಯಿಲ್ಲವೇ ಅಂತ ನೀವು ಕೇಳಬಹುದು. ಕೆಲವು ಸಲ ಇದೆ, ಕೆಲವು ಸಲ ಇಲ್ಲ. ಕಪ್ಪೆರಾಯನೊಬ್ಬನ ಕಾರಿನ ಆಟ ಫ್ಲಾರಿಡಾದ ಡಿಸ್ನಿಯಲ್ಲಿ 1971ರಿಂದ ಇತ್ತು. ತೆಗೆಯುತ್ತಾರೆಂದು ಸುದ್ದಿಯಾದಾಗ ಅಭಿಮಾನಿಗಳು ಹಸಿರು ಅಂಗಿ ತೊಟ್ಟು ಆಟದ ಮುಂದೆ ಬಂದು ಪ್ರತಿಭಟಿಸಿದರು. ಆದರೂ 1998ರ ಸೆಪ್ಟೆಂಬರಿನಲ್ಲಿ ಮುಚ್ಚಿದರು. ಅದೇ ಆಟ ಕ್ಯಾಲಿಫೋರ್ನಿಯಾದಲ್ಲಿ 1955ರಿಂದ ಇದೆ, ಅದನ್ನು ತೆಗೆಯಲಿಲ್ಲ. ಅಲ್ಲಿಗೆ ಸುತ್ತಲಿನ ಊರಿನವರು ವರ್ಷವರ್ಷವೂ ಬರುತ್ತಾರೆ, ಅಜ್ಜ ಕೂತ ಸೀಟು ಮೊಮ್ಮಗನಿಗೆ ಬೇಕು.

ನಿಮ್ಮ ಹಡಗು ಯಾಕೆ ಹೋಯಿತು ಅನ್ನುವುದನ್ನು ಕೆಳಗೆ ಶಿರಾದ ಹುಡುಗನ ಉತ್ತರದಲ್ಲಿ ಬರೆದಿದ್ದೇನೆ. ದಯವಿಟ್ಟು ಅದನ್ನೂ ಓದಿ.

ಪ್ರಶ್ನೆ: ಸರ್, ನಾನು ಡಿಪ್ಲೊಮಾ ಮೆಕ್ಯಾನಿಕಲ್ ಎರಡನೇ ವರ್ಷದಲ್ಲಿದ್ದೇನೆ. ಒಂದು ಆಟದ ಯಂತ್ರಕ್ಕೆ ಇಷ್ಟೇ ವರ್ಷ ಆಯಸ್ಸು ಅಂತ ಇದೆಯೇ?
(ವಿದ್ಯಾರ್ಥಿ, ಶಿರಾ)

ಉತ್ತರ: ತಮ್ಮಾ, ವರ್ಷ ಬಿಡು, ಸಲ ಎಣಿಸು. ಒಂದು ರೌಂಡಿನಲ್ಲಿ ಕೊಲಂಬಸ್ ಸುಮಾರು ಇಪ್ಪತ್ತೈದು ಸಲ ತೂಗುತ್ತದೆ. ನಮ್ಮಲ್ಲಿ ಸರಾಸರಿ ದಿನಕ್ಕೆ ಅರವತ್ತು ರೌಂಡು. ಅಂದರೆ ದಿನಕ್ಕೆ 1,500 ತೂಗು. ವರ್ಷಕ್ಕೆ ಮುನ್ನೂರು ದಿನ ಹಿಡಿದರೆ ನಾಲ್ಕೂವರೆ ಲಕ್ಷ. ಹದಿನಾರು ವರ್ಷಕ್ಕೆ 72 ಲಕ್ಷ. ಅದೂ ನಮ್ಮ ಕೈಗೆ ಬಂದ ಮೇಲಿನ ಲೆಕ್ಕ ಮಾತ್ರ.

ಪ್ರತಿ ತೂಗಿಗೂ ಏನಾಗುತ್ತದೆ ನೋಡು. ನಿನ್ನ ಪುಸ್ತಕದಲ್ಲಿ ಲೋಲಕದ ಪಾಠ ಇದೆ. ಹಡಗು ಅರವತ್ತು ಡಿಗ್ರಿವರೆಗೆ ಮೇಲೇರಿ ಇಳಿದರೆ, ತಳದಲ್ಲಿ ಹಾಯುವಾಗ ಅದನ್ನು ತೂಗುಹಾಕಿದ ಉಕ್ಕಿನ ತೋಳಿನ ಮೇಲೆ ಬೀಳುವ ಎಳೆತ ಸುಮ್ಮನೆ ನಿಂತಾಗಿನ ಎರಡರಷ್ಟು. ಮೇಲೆ ಹೋದಾಗ ಅರ್ಧಕ್ಕೆ ಇಳಿಯುತ್ತದೆ. ಅರ್ಧ, ಎರಡು, ಅರ್ಧ, ಎರಡು, ಹೀಗೆ 72 ಲಕ್ಷ ಸಲ. ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಾಗಿಸಿ ಮುರಿಯುತ್ತೇವಲ್ಲ, ಅದೇ ಕೆಲಸ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ನಡೆಯುತ್ತಿರುತ್ತದೆ. ಲೋಹದ ದಣಿವು ಅನ್ನುತ್ತಾರೆ. ಜರ್ಮನಿಯ ವೋಲರ್ ಅನ್ನುವ ಎಂಜಿನಿಯರು 1850, 60ರ ದಶಕಗಳಲ್ಲಿ ರೈಲಿನ ಅಚ್ಚುಗಳು ಯಾಕೆ ಮುರಿಯುತ್ತವೆ ಅಂತ ವರ್ಷಗಟ್ಟಲೆ ಪರೀಕ್ಷೆ ಮಾಡಿ ತೋರಿಸಿದ್ದು ಇದನ್ನೇ. ಒಂದೇ ಸಲಕ್ಕೆ ತಡೆದುಕೊಳ್ಳುವ ಭಾರವನ್ನೇ ಲಕ್ಷಾಂತರ ಸಲ ಹೊರಿಸಿದರೆ ಉಕ್ಕು ಸೋಲುತ್ತದೆ. ಒಂದು ಮಿತಿಗಿಂತ ಕಡಿಮೆ ಹೊರಿಸಿದರೆ ತುಂಬಾ ಕಾಲ ಬಾಳುತ್ತದೆ. ಆದರೆ ವೆಲ್ಡಿಂಗ್ ಇರುವ ಕಡೆ, ತೂತು ಕೊರೆದ ಕಡೆ, ತುಕ್ಕು ತಿಂದ ಕಡೆ ಆ ಮಿತಿ ಇಳಿದುಬಿಡುತ್ತದೆ.

ಅದಕ್ಕೇ ಚಳಿಗಾಲದಲ್ಲಿ ಬಾಗಿಲು ಹಾಕುವ ಹೊರದೇಶದ ಪಾರ್ಕುಗಳು ಆ ತಿಂಗಳುಗಳಲ್ಲಿ ಗಾಡಿಗಳನ್ನು ಬಿಚ್ಚಿ ಹರಡಿ, ಬಣ್ಣ ತೆಗೆದು, ಒಂದೊಂದು ಅಚ್ಚು, ಒಂದೊಂದು ಬೆಸುಗೆ ಪರೀಕ್ಷಿಸುತ್ತವೆ. ನಮ್ಮಲ್ಲಿ ಹಿಮವಿಲ್ಲ, ಬಾಗಿಲು ಹಾಕುವ ಕಾಲವಿಲ್ಲ. ಸೋಮವಾರ ಒಂದು ದಿನ ಸಿಕ್ಕರೆ ಹೆಚ್ಚು.

2011ರ ಸೆಪ್ಟೆಂಬರಿನ ಒಂದು ಸೋಮವಾರ ಹಡಗಿನ ಎಡ ತೋಳು ಮೇಲಿನ ಬ್ರಾಕೆಟ್ಟಿಗೆ ಸೇರುವ ಕಡೆ ಬಣ್ಣದಲ್ಲಿ ಒಂದು ಗೆರೆ ಕಂಡಿತು. ಬಣ್ಣ ಬಿರಿದಿರಬಹುದು ಅಂದುಕೊಂಡೆ. ಆದರೆ ಗೆರೆಯ ಅಂಚಿನಲ್ಲಿ ಕಂದು ಬಣ್ಣದ ತುಕ್ಕಿನ ಪುಡಿ ಇತ್ತು. ಒಳಗೆ ಉಜ್ಜಾಟ ನಡೆಯದೆ ಆ ಪುಡಿ ಬರುವುದಿಲ್ಲ. ಬಣ್ಣ ಕೆರೆದು, ಸ್ವಚ್ಛ ಮಾಡಿ, ಬಿರುಕಿನೊಳಗೆ ಇಳಿಯುವ ಡೈ ಪೆನೆಟ್ರೆಂಟ್ ಅನ್ನುವ ಕೆಂಪು ದ್ರವ ಹೊಡೆದು, ಕಾಲು ಗಂಟೆ ಬಿಟ್ಟು ಒರೆಸಿ, ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆದೆ. ಬಿಳಿಯ ಮೇಲೆ ಕೆಂಪು ಗೆರೆ ನಿಧಾನವಾಗಿ ಮೂಡಿಬಂತು. ನನ್ನ ಹೆಬ್ಬೆರಳಿನಷ್ಟು ಉದ್ದ. ಎದೆ ಧಸಕ್ಕೆಂದಿತು. ಹಿಂದಿನ ದಿನ ಭಾನುವಾರ ಅದರಲ್ಲಿ ಮಕ್ಕಳು ತುಂಬಿದ್ದರು.

ದಸರಾ ರಜೆ ಹತ್ತಿರದಲ್ಲಿತ್ತು. ಮೇಲಿನವರು "ಒಂದು ಪಟ್ಟಿ ಕೊಟ್ಟು ವೆಲ್ಡ್ ಹೊಡೆದುಬಿಡಪ್ಪ, ರಜೆ ಕಳೆಯಲಿ" ಅಂದರು. ಬಿರುಕಿನ ಮೇಲೆ ಪಟ್ಟಿ ಕೊಡುವುದೆಂದರೆ ಗಾಯದ ಮೇಲೆ ಬಟ್ಟೆ ಮುಚ್ಚಿದ ಹಾಗೆ, ಒಳಗೆ ಬೆಳೆಯುವುದು ಬೆಳೆಯುತ್ತಲೇ ಇರುತ್ತದೆ. ಆ ಉಕ್ಕು ಯಾವ ಜಾತಿಯದು ಅಂತಲೇ ನಮ್ಮಲ್ಲಿ ಕಾಗದವಿರಲಿಲ್ಲ. ಲಾಗ್ ಬುಕ್ಕಿನಲ್ಲಿ "ಓಡಿಸಲು ಯೋಗ್ಯ" ಅನ್ನುವ ಕಾಲಮ್ಮಿನ ಎದುರು ನಾನು ಸಹಿ ಹಾಕಲಿಲ್ಲ. ಮೂರು ದಿನ ಮಾತುಕತೆಯಾಯಿತು. ಬೇರೆಯವರ ಕೈಲಿ ಸಹಿ ಮಾಡಿಸುತ್ತೇವೆ ಅಂದರು. ನನ್ನ ಕೈಕೆಳಗಿನ ಹುಡುಗರು ಇಬ್ಬರೂ ಹಾಕುವುದಿಲ್ಲ ಅಂದರು. ಆ ಇಬ್ಬರನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆಮೇಲೆ ಬೆಂಗಳೂರಿನಿಂದ ಪರೀಕ್ಷಕರೊಬ್ಬರು ಬಂದು ಅಲ್ಟ್ರಾಸಾನಿಕ್ ಯಂತ್ರ ಇಟ್ಟು ನೋಡಿದರು. ಬಿರುಕು ಪ್ಲೇಟಿನ ಅರ್ಧ ದಪ್ಪ ದಾಟಿತ್ತು. ಬಲ ತೋಳಿನಲ್ಲೂ ಇನ್ನೊಂದು ಶುರುವಾಗಿತ್ತು.

ಆಯಸ್ಸು ಎಷ್ಟು ಅಂತ ಕೇಳಿದೆಯಲ್ಲ ತಮ್ಮಾ. ಬಿರುಕು ಹುಡುಕುವವನಿಗೆ ಸಮಯ ಕೊಡುವವರೆಗೆ, ಅವನ ಮಾತು ಕೇಳುವವರೆಗೆ. ಪಾರ್ಕುಗಳು ಯಾವ ಆಟ ಉಳಿಸಬೇಕು ಅಂತ ಸಭೆ ಕೂತಾಗ ಟಿಕೆಟ್ಟಿನ ಲೆಕ್ಕದವರಿರುತ್ತಾರೆ, ಜಾಹೀರಾತಿನವರಿರುತ್ತಾರೆ. ದಿನಾ ಬೆಳಿಗ್ಗೆ ಗ್ರೀಸ್ ಗನ್ ಹಿಡಿದು ಮೇಲೆ ಹತ್ತುವವನನ್ನು ನನ್ನ ಇಪ್ಪತ್ನಾಲ್ಕು ವರ್ಷದಲ್ಲಿ ಒಂದು ಸಲವೂ ಕರೆಯಲಿಲ್ಲ. ಬೇರಿಂಗಿನ ಸದ್ದು ಬದಲಾದದ್ದು ಅವನಿಗೆ ಎಲ್ಲರಿಗಿಂತ ಆರು ತಿಂಗಳು ಮೊದಲೇ ಗೊತ್ತಿರುತ್ತದೆ. ನೀನು ಓದಿ ಮುಂದೆ ಅಂಥ ಕುರ್ಚಿಯಲ್ಲಿ ಕೂತರೆ ಅವನಿಗೂ ಒಂದು ಕುರ್ಚಿ ಹಾಕಿಸು.

ಪ್ರಶ್ನೆ: ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಬರುವ ಆಟಗಳು ತುಂಬಾ ಹಳೆಯವಾಗಿ ಕಾಣುತ್ತವೆ. ಕೂರಿಸಬಹುದೇ?
(ರೇಷ್ಮೆ ಬೆಳೆಗಾರರು, ಚಿಕ್ಕಬಳ್ಳಾಪುರ)

ಉತ್ತರ: ಅಣ್ಣಾ, ಹಳೇ ಬಣ್ಣ ನೋಡಿ ಹೆದರಬೇಡಿ, ಹೊಸ ಬಣ್ಣ ನೋಡಿ ನಂಬಲೂ ಬೇಡಿ. ಟಿಕೆಟ್ ತೆಗೆಯುವ ಮೊದಲು ಎರಡು ರೌಂಡು ನಿಂತು ನೋಡಿ. ಜಯಂಟ್ ವೀಲಿನವನು ಜನ ಹತ್ತಿಸುವಾಗ ಎದುರುಬದುರು ತೊಟ್ಟಿಲು ತುಂಬಿಸುತ್ತಾನಾ, ಇಲ್ಲಾ ಒಂದೇ ಕಡೆ ಸಾಲಾಗಿ ತುಂಬಿಸುತ್ತಾನಾ? ಕೆಲಸ ಬಲ್ಲವನು ತೂಕ ಸರಿಮಾಡಿಯೇ ಹತ್ತಿಸುವುದು. ಸಿದ್ಧಗಂಗೆ ಜಾತ್ರೆಯಲ್ಲಿ ನನ್ನ ಸೋದರಮಾವ ಮೊದಲ ದಿನ ಹೇಳಿಕೊಟ್ಟ ಪಾಠ ಇದೇ. ಬುಡದಲ್ಲಿ ಇಟ್ಟ ಮರದ ದಿಮ್ಮಿಗಳು ಪ್ರತಿ ತಿರುಗಿಗೂ ಅಲುಗಾಡುತ್ತಿದ್ದರೆ, ಹಿಂದಿನ ರಾತ್ರಿ ಮಳೆ ಬಂದು ನೆಲ ಮೆತ್ತಗಾಗಿದ್ದರೆ ಅಲ್ಲಿಂದಲೇ ವಾಪಸು ಬನ್ನಿ. ತೊಟ್ಟಿಲಿನ ಬಾಗಿಲಿಗೆ ಚಿಲಕದ ಜೊತೆ ಪಿನ್ನೂ ಇರಬೇಕು, ಬರೀ ತಂತಿ ಸುತ್ತಿದ್ದರೆ ಕೂರಿಸಬೇಡಿ. ಲಿವರ್ ಹಿಡಿದವನ ಕಣ್ಣು ಆಟದ ಮೇಲಿರಬೇಕು, ಕೈಯಲ್ಲಿ ಮೊಬೈಲ್ ಇದ್ದರೆ ಬೇಡ. ಹೆಣ್ಣುಮಕ್ಕಳ ಜಡೆ, ದುಪಟ್ಟಾ ಗಟ್ಟಿಯಾಗಿ ಕಟ್ಟಿ ಕೂರಿಸಿ, ಇದನ್ನು ಮಾತ್ರ ಮರೆಯಲೇಬೇಡಿ. ಆಟದವನು ಬೇಸರ ಮಾಡಿಕೊಂಡರೂ ಪರವಾಗಿಲ್ಲ, ಬೆಳಿಗ್ಗೆ ಯಾರು ಚೆಕ್ ಮಾಡಿದರು ಅಂತ ಕೇಳಿ. ಒಳ್ಳೆಯ ಆಟದವನು ಖುಷಿಯಿಂದಲೇ ಹೇಳುತ್ತಾನೆ.

ಪ್ರಶ್ನೆ: ಪಾರ್ಕಿನಿಂದ ತೆಗೆದ ಆಟಗಳು ಎಲ್ಲಿಗೆ ಹೋಗುತ್ತವೆ?
(ಎಂಟನೇ ತರಗತಿ ವಿದ್ಯಾರ್ಥಿನಿ, ಗುಬ್ಬಿ)

ಉತ್ತರ: ಮಗಳೇ, ಕೆಲವು ಬೇರೆ ಊರಿಗೆ ಹೋಗುತ್ತವೆ. ಜಗತ್ತಿನ ಮಕ್ಕಳ ಬೊಂಬೆಗಳು ಹಾಡುವ ಡಿಸ್ನಿಯ ದೋಣಿಯಾಟ 1964ರ ನ್ಯೂಯಾರ್ಕ್ ಮೇಳಕ್ಕೆ ಮಾಡಿದ್ದು. ಮೇಳ ಮುಗಿದ ಮೇಲೆ ಕ್ಯಾಲಿಫೋರ್ನಿಯಾಗೆ ಹೋಗಿ 1966ರಿಂದ ಅಲ್ಲಿದೆ. ಜಗತ್ತಿನ ಮೊದಲ ದೈತ್ಯ ಚಕ್ರ 1893ರಲ್ಲಿ ಷಿಕಾಗೋದಲ್ಲಿ ಫೆರ್ರಿಸ್ ಅನ್ನುವವರು ಕಟ್ಟಿದ್ದು. 264 ಅಡಿ ಎತ್ತರ, 36 ಡಬ್ಬಿ, ಒಂದೊಂದರಲ್ಲಿ 60 ಜನ. ಅದನ್ನು ಬಿಚ್ಚಿ 1904ರಲ್ಲಿ ಸೇಂಟ್ ಲೂಯಿಸ್ ಮೇಳಕ್ಕೆ ಒಯ್ದರು. 1906ರಲ್ಲಿ ಡೈನಮೈಟ್ ಇಟ್ಟು ಒಡೆದು ಗುಜರಿ ಮಾಡಿದರು. ವಿಯೆನ್ನಾದ್ದು ಬದುಕಿದ ಕತೆ ಇನ್ನೂ ಚೆನ್ನಾಗಿದೆ. 1916ರಲ್ಲೇ ಅದನ್ನು ಕೆಡವಲು ಅನುಮತಿ ಸಿಕ್ಕಿತ್ತು, ಕೆಡವಲು ಹಣವಿರಲಿಲ್ಲ. 1944ರಲ್ಲಿ ಯುದ್ಧದ ಬೆಂಕಿಗೆ ಸುಟ್ಟಿತು. ಮತ್ತೆ ಕಟ್ಟುವಾಗ 30 ಡಬ್ಬಿಯ ಬದಲು 15 ಮಾತ್ರ ಹಾಕಿ ಚಕ್ರದ ಭಾರ ಇಳಿಸಿದರು. ಆ ಎಂಜಿನಿಯರುಗಳಿಗೆ ನಾನು ಕೈ ಮುಗಿಯುತ್ತೇನೆ. ದಣಿದವನಿಂದ ಅರ್ಧ ಕೆಲಸ ಮಾತ್ರ ತೆಗೆದುಕೊಂಡು ಅವನನ್ನು ಉಳಿಸಿಕೊಂಡರು. ನ್ಯೂಯಾರ್ಕಿನ ಸೈಕ್ಲೋನ್ ಅನ್ನುವ 1927ರ ಮರದ ಕೋಸ್ಟರನ್ನು ಮೀನಿನ ಸಂಗ್ರಹಾಲಯಕ್ಕೆ ಜಾಗ ಬೇಕೆಂದು ತೆಗೆಯಲು ಹೊರಟಿದ್ದರು. ಜನ ಬಿಡಲಿಲ್ಲ. 1988ರಲ್ಲಿ ನಗರವೇ ಅದನ್ನು ಸಂರಕ್ಷಿತ ಸ್ಮಾರಕ ಅಂತ ಘೋಷಿಸಿತು.

ನಮ್ಮ ಕೊಲಂಬಸ್‌ಗೆ ಅಂಥ ಯಾರೂ ಇರಲಿಲ್ಲ. ಅದಕ್ಕೆ ಕೊನೆಯ ದಿನ ಅಂತಲೂ ಇರಲಿಲ್ಲ. ಸೋಮವಾರ ನಿಂತದ್ದು ಮತ್ತೆ ಓಡಲೇ ಇಲ್ಲ, ಮುಂದೆ ಒಂದು ಹಗ್ಗ ಕಟ್ಟಿದರು ಅಷ್ಟೆ. ಕಿಂಗ್ಡಾ ಕಾಗೂ ಹಾಗೆಯೇ ಆಯಿತು. 2024ರ ನವೆಂಬರಿನಲ್ಲಿ ಕೊನೆಯ ಓಟ ಮುಗಿದ ಮೇಲೆಯೇ ಇನ್ನು ಓಡುವುದಿಲ್ಲ ಅಂತ ಪಾರ್ಕಿನವರು ಹೇಳಿದ್ದು. ದೂರದೂರಿನಿಂದ ಬರುತ್ತಿದ್ದವರು ಬಹಳ ನೊಂದುಕೊಂಡರು. ಮುಚ್ಚುವುದು ತಪ್ಪಲ್ಲ. ಮೊದಲೇ ತೀರ್ಮಾನವಾಗಿದ್ದರೆ ಒಂದು ತಿಂಗಳು ಮುಂಚೆ ಹೇಳಬೇಕು. ಬಂದು ಕೂತು ಹೋಗಲಿ.

ಹಡಗನ್ನು ಗ್ಯಾಸ್ ಕಟರಿನಲ್ಲಿ ತುಂಡು ಮಾಡಲು ನಾಲ್ಕು ದಿನ ಹಿಡಿಯಿತು. ಕತ್ತರಿಸಿದವನೂ ನಾನೇ, ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಉಕ್ಕು ಎರಡು ಲಾರಿಯಲ್ಲಿ ಗುಜರಿಗೆ ಹೋಯಿತು. ಮುಂದಿನ ಫೈಬರ್ ಸಿಂಹದ ಮುಖ ಅಂತರಸನಹಳ್ಳಿಯ ಒಬ್ಬ ವೆಲ್ಡಿಂಗ್ ಅಂಗಡಿಯವರು ಕೊಂಡುಹೋದರು. ಅಂಗಡಿಯ ಎದುರು ಬೇವಿನ ಮರದ ಕೆಳಗೆ ಇನ್ನೂ ಇದೆ, ಹಳದಿ ಬಣ್ಣ ಬಿಳಿಚಿದೆ. ಮಳೆ ಬಂದಾಗ ಅದರ ಬಾಯೊಳಗೆ ನೀರು ನಿಲ್ಲುತ್ತದೆ ಅಂತ ಹೋದ ತಿಂಗಳು ಕೆಳಗೊಂದು ತೂತು ಕೊರೆದು ಬಂದೆ. ಕೊರಟಗೆರೆ ಮೇಡಂ, ಕೊನೆಯ ಸೀಟಿನ ಮುಂದಿದ್ದ ಹಿಡಿಕೆಯ ಕೊಳವೆ ನನ್ನ ಮನೆಯಲ್ಲಿದೆ. ಹಿಡಿದು ಹಿಡಿದು ಮಧ್ಯದಲ್ಲಿ ಬಣ್ಣ ಹೋಗಿ ನುಣುಪಾಗಿದೆ. ನಿಮ್ಮ ಮಕ್ಕಳನ್ನು ಕರೆದುಕೊಂಡು ಯಾವಾಗ ಬಂದರೂ ತೋರಿಸುತ್ತೇನೆ.